ಬಿಎಸ್-6 ಲಾರಿ, ಟಿಪ್ಪರ್‌ಗಳಲ್ಲಿ ಮಸಿ ಕಟ್ಟದಂತೆ ಓಡಿಸುವುದು ಹೇಗೆ? ದಾವಣಗೆರೆ–ಚಿತ್ರದುರ್ಗ ಭಾಗದ ಮಾಲೀಕರು, ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಡೀಸೆಲ್ ಲಾರಿಗಳು ಬಿಎಸ್-6, ಅಂದರೆ ವಾಹನದ ಹೊಗೆಗೆ ಮಿತಿ ಹಾಕುವ ‘ಭಾರತ್ ಸ್ಟೇಜ್ 6’ ನಿಯಮದವು. ಅವುಗಳ ಸೈಲೆನ್ಸರ್ ಈಗ ಬರೀ ಸೈಲೆನ್ಸರ್ ಅಲ್ಲ, ಹೊಗೆ ಶುದ್ಧ ಮಾಡುವ ಒಂದು ಸಣ್ಣ ಕಾರ್ಖಾನೆ. ಈ ಕಾರ್ಖಾನೆ ಕಟ್ಟಿಕೊಂಡು ಗಾಡಿ ಗ್ಯಾರೇಜ್ ಸೇರುವುದಕ್ಕೆ ಬಹುಪಾಲು ಕಾರಣ ಓಡಿಸುವ ರೀತಿಯಲ್ಲೇ ಇರುತ್ತದೆ. ಕೆಳಗೆ ಕೊಟ್ಟ ಅಂಕಿಗಳು ಸಾಮಾನ್ಯವಾಗಿ ಎಲ್ಲ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹೊಂದುವಂಥವು. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಡಿಪಿಎಫ್ ಅಂದರೆ ಏನು? ಮಸಿ ಎಲ್ಲಿ ಕಟ್ಟುತ್ತದೆ?

ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಎನ್ನುವುದರ ಚಿಕ್ಕ ಹೆಸರು ಡಿಪಿಎಫ್. ಒಳಗೆ ಜೇನುಗೂಡಿನಂಥ ಪಿಂಗಾಣಿ ದಿಮ್ಮಿ ಇರುತ್ತದೆ. ಅದರಲ್ಲಿ ಸಾವಿರಾರು ಸಣ್ಣ ಓಣಿಗಳು. ಒಂದು ಓಣಿ ಮುಂದೆ ತೆರೆದಿದ್ದರೆ ಹಿಂದೆ ಮುಚ್ಚಿರುತ್ತದೆ, ಪಕ್ಕದ್ದು ಅದಕ್ಕೆ ತಿರುವುಮುರುವು. ಹಾಗಾಗಿ ಓಣಿಗೆ ನುಗ್ಗಿದ ಹೊಗೆ ಗೋಡೆ ದಾಟಿಯೇ ಹೊರಗೆ ಹೋಗಬೇಕು. ಗಾಳಿ ಗೋಡೆಯ ರಂಧ್ರಗಳಲ್ಲಿ ನುಸುಳುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ.

ಟರ್ಬೊ (ಎಂಜಿನ್‌ಗೆ ಗಾಳಿ ತಳ್ಳುವ ಭಾಗ) ಕಡೆಯಿಂದ ಹೊಗೆ ಸಾಗುವ ದಾರಿ ಹೀಗೆ: ಮೊದಲು ಡಿಒಸಿ ಎಂಬ ಆಕ್ಸಿಡೇಶನ್ ಕ್ಯಾಟಲಿಸ್ಟ್, ಆಮೇಲೆ ಡಿಪಿಎಫ್, ಆಮೇಲೆ ಯೂರಿಯಾ ದ್ರವ ಸಿಂಪಡಿಸಿ ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಎಸ್‌ಸಿಆರ್. ಈ ಸಾಲಿನಲ್ಲಿ ಡಿಒಸಿಯ ಪಾತ್ರ ದೊಡ್ಡದು. ಅದು ಕಾಯದಿದ್ದರೆ ಡಿಪಿಎಫ್‌ನ ಮಸಿ ಸುಡುವುದೇ ಇಲ್ಲ.

ತುಂಬಿದ ಮಸಿ ಎಲ್ಲಿಗೆ ಹೋಗುತ್ತದೆ?

ಸುಟ್ಟು ಹೋಗುತ್ತದೆ. ಇದಕ್ಕೆ ರೀಜನರೇಶನ್ ಎನ್ನುತ್ತಾರೆ, ನಮ್ಮ ಕಡೆ ಬಾಯಲ್ಲಿ ‘ರೀಜನ್’. ಅದು ಮೂರು ಬಗೆ.

ಲೋಡ್ ಹಾಕಿಕೊಂಡು ಹೈವೇಯಲ್ಲಿ ಓಡುವಾಗ ಹೊಗೆಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆಗ ಡಿಒಸಿಯಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ ಸುಡುತ್ತಲೇ ಇರುತ್ತದೆ. ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ, ಹೆಚ್ಚುವರಿ ಡೀಸೆಲ್ಲೂ ಬೇಡ. ಇದು ಮೊದಲನೆಯದು, ನಮಗೆ ಬೇಕಾದದ್ದೂ ಇದೇ.

ಅದಷ್ಟೇ ಸಾಲದೆ ಮಸಿ ಹೆಚ್ಚಾದಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಎರಡನೆಯ ದಾರಿ ಹಿಡಿಯುತ್ತದೆ. ಡಿಒಸಿಯಲ್ಲಿ ಉರಿಯಲೆಂದು ಹೆಚ್ಚುವರಿ ಡೀಸೆಲ್ ಕಳಿಸಿ, ಡಿಪಿಎಫ್ ಒಳಬಾಯಿಯ ಬಿಸಿಯನ್ನು 550–600 ಡಿಗ್ರಿಗೆ ಏರಿಸುತ್ತದೆ. ಆದರೆ ಡಿಒಸಿ ಮೊದಲೇ ಸುಮಾರು 250–300 ಡಿಗ್ರಿ ಕಾದಿರಬೇಕು. ಹಂಚು ಕಾಯದೆ ದೋಸೆ ಹುಯ್ದರೆ ಏಳುತ್ತದೆಯೇ? ತಣ್ಣಗಿನ ಡಿಒಸಿಗೆ ಡೀಸೆಲ್ ಬಿಟ್ಟರೂ ಅದೇ ಗತಿ. ಅದಕ್ಕೇ ಬಿಸಿ ಸಾಲದಾಗ ಇಸಿಯು ಆ ಕೆಲಸಕ್ಕೆ ಕೈಯನ್ನೇ ಹಾಕುವುದಿಲ್ಲ.

ಇವೆರಡೂ ಆಗದಿದ್ದಾಗ ಗಾಡಿ ನಿಲ್ಲಿಸಿ ಸ್ವಿಚ್ ಒತ್ತಿ ಮಾಡುವುದು ಮೂರನೆಯದು. ಅದರ ಕ್ರಮ ಕೆಳಗಿದೆ.

ಹೈವೇ ಗಾಡಿಗಳಿಗೆ ಏನೂ ಆಗಲ್ಲ. ನಮ್ಮ ಅದಿರು ಟಿಪ್ಪರ್‌ಗೇ ಯಾಕೆ ಈ ಕಾಟ?

ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವಿಡೀ ಓಡುವ ಗಾಡಿಯ ಸೈಲೆನ್ಸರ್ ತಣ್ಣಗಾಗಲು ಹೊತ್ತೇ ಸಿಗುವುದಿಲ್ಲ. ಟಿಪ್ಪರ್ ಕಥೆ ಬೇರೆ. ಭೀಮಸಮುದ್ರದ ಕಡೆಯ ಅದಿರು ಗಾಡಿಯನ್ನೇ ನೋಡಿ: ಲೋಡಿಂಗ್‌ಗೆ ಸಾಲು, ತೂಕಕ್ಕೆ ಸಾಲು, ಅನ್‌ಲೋಡಿಂಗ್‌ಗೆ ಮತ್ತೆ ಸಾಲು, ನಡುವೆ ಕೆಲವೇ ಕಿಲೋಮೀಟರ್ ಓಟ, ವಾಪಸ್ ಖಾಲಿ. ಸೈಲೆನ್ಸರ್ ಕಾಯುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ಮೆಕ್ಕೆಜೋಳದ ಸೀಸನ್‌ನಲ್ಲಿ ದಾವಣಗೆರೆ ಎಪಿಎಂಸಿ ಮುಂದೆ ಅಡಿ ಅಡಿ ಸರಿಯುವ ಗಾಡಿಗಳದ್ದೂ, ಊರೊಳಗೆ ಜಲ್ಲಿ, ಎಂ-ಸ್ಯಾಂಡ್ ಹೊಡೆಯುವ ಗಾಡಿಗಳದ್ದೂ ಇದೇ ಪಾಡು.

ಲೋಡ್ ಹೊತ್ತು ದುಡಿಯುವುದರಿಂದ ಡಿಪಿಎಫ್ ಕೆಡುವುದಿಲ್ಲ. ಅದನ್ನು ಕೆಡಿಸುವುದು ಎಂಜಿನ್ ಆನ್ ಇಟ್ಟು ಸಾಲಿನಲ್ಲಿ ನಿಲ್ಲುವುದು ಮತ್ತು ತುಂಡು ತುಂಡು ಓಟ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನ ಉತ್ತರಗಳಲ್ಲಿ ಅರ್ಧ ನಿಮಗೇ ಹೊಳೆಯುತ್ತವೆ.

ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಬೇಕಾ? ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಹೋಗಲ್ವಾ?

ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಖಚಿತವಾದರೆ ಆಫ್ ಮಾಡಿ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಹೊಗೆಯ ಬಿಸಿ 100–150 ಡಿಗ್ರಿಗೆ ಇಳಿಯುತ್ತದೆ. ಮಸಿ ಬರುತ್ತಲೇ ಇರುತ್ತದೆ, ಸುಡುವ ಮಾತೇ ಇಲ್ಲ. ಜೊತೆಗೆ ಗಾಡಿಯ ಗಾತ್ರದ ಮೇಲೆ ಗಂಟೆಗೆ ಸುಮಾರು 1.5ರಿಂದ 3 ಲೀಟರ್ ಡೀಸೆಲ್ ಹೋಗುತ್ತದೆ. ದಿನಕ್ಕೆ ಮೂರು ಗಂಟೆ ಹೀಗೆ ನಿಂತರೆ ತಿಂಗಳಿಗೆ ಎಷ್ಟಾಯಿತು, ಮಾಲೀಕರೇ ಲೆಕ್ಕ ಹಾಕಲಿ. ಒಳ್ಳೆಯ ಬ್ಯಾಟರಿ, ಸರಿಯಾದ ಆಲ್ಟರ್ನೇಟರ್ ಇರುವ ಗಾಡಿಗೆ ದಿನಕ್ಕೆ ಹತ್ತಾರು ಸ್ಟಾರ್ಟ್ ಹೊರೆಯಲ್ಲ. ಸ್ಟಾರ್ಟ್ ಆಗುತ್ತೋ ಇಲ್ಲವೋ ಎಂಬ ಹೆದರಿಕೆ ಇದ್ದರೆ ಬ್ಯಾಟರಿ ಬದಲಿಸಿ, ಅದಕ್ಕಾಗಿ ಡಿಪಿಎಫ್ ಬಲಿ ಕೊಡಬೇಡಿ.

ನಿಮಿಷಕ್ಕೊಮ್ಮೆ ಒಂದು ಗಾಡಿಯಷ್ಟು ಮುಂದೆ ಸರಿಯುವ ಸಾಲಿನಲ್ಲಿ ಆಫ್-ಆನ್ ಆಟ ಬೇಡ. ಮುಂದೆ ನಾಲ್ಕೈದು ಗಾಡಿಗಳಷ್ಟು ಜಾಗ ಆಗಲಿ, ಆಮೇಲೆ ಒಮ್ಮೆಗೇ ಸರಿಯಿರಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಎಸಿ ಕ್ಯಾಬಿನ್ ಗಾಡಿಯಲ್ಲಿ ಎಂಜಿನ್ ಆನ್ ಇಟ್ಟು ರಾತ್ರಿ ಮಲಗುವುದು ಹೊಸ ಚಟ. ಏಪ್ರಿಲ್‌ನ ಸೆಕೆಯಲ್ಲಿ ಡ್ರೈವರ್‌ನನ್ನು ದೂರುವಂತೆಯೂ ಇಲ್ಲ. ಆದರೆ ಆರು ಗಂಟೆಯ ಐಡ್ಲಿಂಗ್ ಎಂದರೆ ಇಡೀ ರಾತ್ರಿ ಮಸಿ ತುಂಬಿಸಿದಂತೆ. 24 ವೋಲ್ಟ್ ಫ್ಯಾನ್, ಸೊಳ್ಳೆ ಜಾಲರಿ ಹಾಕಿಸಿಕೊಟ್ಟರೆ ಮಾಲೀಕರ ದುಡ್ಡೇ ಉಳಿಯುತ್ತದೆ.

ಬೆಳಗ್ಗೆ ಎಷ್ಟು ಹೊತ್ತು ಎಂಜಿನ್ ಬಿಸಿ ಮಾಡಬೇಕು?

ಆಯಿಲ್ ಪ್ರೆಶರ್ ಏರಿ, ಬ್ರೇಕಿನ ಗಾಳಿ ತುಂಬಿ, ಎಚ್ಚರಿಕೆ ದೀಪ ಆರುವ ತನಕ. ಎರಡು-ಮೂರು ನಿಮಿಷ ಸಾಕು. ಅರ್ಧ ಗಂಟೆ ನಿಲ್ಲಿಸಿಟ್ಟು ಬಿಸಿ ಮಾಡುವುದು, ಆಕ್ಸಿಲರೇಟರ್ ಒತ್ತಿ ಗುರ್ರೆನ್ನಿಸುವುದು ಹಳೆಯ ಗಾಡಿಗಳ ಕಾಲದ ರೂಢಿ. ತಣ್ಣಗಿನ ಎಂಜಿನ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಮಸಿ ಹೆಚ್ಚು. ಮೊದಲ ನಾಲ್ಕೈದು ಕಿಲೋಮೀಟರ್ ಮೆತ್ತಗೆ ಓಡಿಸಿದರೆ ಎಂಜಿನ್, ಗೇರ್‌ಬಾಕ್ಸ್, ಸೈಲೆನ್ಸರ್ ಮೂರೂ ಒಟ್ಟಿಗೆ ಕಾಯುತ್ತವೆ.

ಯಾವ ಗೇರ್‌ನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಓಡಿಸಿದರೆ ಮಸಿ ಕಡಿಮೆ?

ಟ್ಯಾಕೋಮೀಟರ್‌ನ ಹಸಿರು ಪಟ್ಟಿಯಲ್ಲಿ. ಹೆಚ್ಚಿನ ಲಾರಿಗಳಲ್ಲಿ ಇದು ಸುಮಾರು 1,200ರಿಂದ 1,600 ಆರ್‌ಪಿಎಂ ನಡುವೆ ಬರುತ್ತದೆ.

ತಪ್ಪು ಎರಡು ಕಡೆ ಆಗುತ್ತದೆ. ಮೊದಲನೆಯದು ಏರಿನಲ್ಲಿ. ಡೀಸೆಲ್ ಉಳಿಸುವ ಆಸೆಗೆ ಮೇಲಿನ ಗೇರ್‌ನಲ್ಲೇ ಬಿಟ್ಟು 900–1,000 ಆರ್‌ಪಿಎಂಗೆ ಎಂಜಿನ್ ತಿಣುಕುವಾಗ ಆಕ್ಸಿಲರೇಟರ್ ಪೂರ್ತಿ ತುಳಿಯುವುದು. ಆ ವೇಗದಲ್ಲಿ ಟರ್ಬೊ ಸಾಕಷ್ಟು ಗಾಳಿ ತಳ್ಳಲಾರದು, ಡೀಸೆಲ್ ಮಾತ್ರ ಧಾರಾಳವಾಗಿ ಬರುತ್ತದೆ. ಗಾಳಿ ಸಾಲದೆ ಉರಿದ ಡೀಸೆಲ್ಲೇ ಮಸಿ. ಸೂಜಿ 1,100ಕ್ಕೆ ಇಳಿಯುವ ಮುಂಚೆಯೇ ಒಂದು ಗೇರ್ ಇಳಿಸಿ.

ಎರಡನೆಯದು ಹೊರಡುವಾಗ. ಕಾಲು ಒಮ್ಮೆಗೇ ಒತ್ತಿದರೆ ಡೀಸೆಲ್ ತಕ್ಷಣ ಬರುತ್ತದೆ, ಟರ್ಬೊ ವೇಗ ಹಿಡಿಯಲು ಒಂದೆರಡು ಸೆಕೆಂಡ್ ಬೇಕು. ಆ ಒಂದೆರಡು ಸೆಕೆಂಡಿನಲ್ಲಿ ಹುಟ್ಟುವ ಮಸಿ, ಸಮವಾಗಿ ಓಡುವಾಗ ಅಷ್ಟೇ ಹೊತ್ತಿನಲ್ಲಿ ಬರುವುದಕ್ಕಿಂತ ಬಹಳ ಹೆಚ್ಚು. ಸಿಗ್ನಲ್, ಹಂಪ್, ಟೋಲ್ ದಾಟಿದ ಮೇಲೆ ಆಕ್ಸಿಲರೇಟರನ್ನು ಎರಡು-ಮೂರು ಸೆಕೆಂಡಿನಲ್ಲಿ ನಿಧಾನವಾಗಿ ಒತ್ತಿ. ಮುಂದೆ ಹಂಪ್ ಕಂಡರೆ ದೂರದಿಂದಲೇ ಕಾಲು ತೆಗೆದು, ಗಾಡಿ ಪೂರ್ತಿ ನಿಲ್ಲದಂತೆ ದಾಟಿಸುವುದೇ ಜಾಣತನ. ನಿಲ್ಲಿಸಿ ಎಬ್ಬಿಸುವ ಪ್ರತಿ ಸಲವೂ ಡಿಪಿಎಫ್‌ಗೆ ಒಂದು ತುತ್ತು ಮಸಿ.

ಖಾಲಿ ಗಾಡಿಗೆ ಒಂದು ಮಾತು. ಲೋಡ್ ಇಲ್ಲದೆ 40 ಕಿ.ಮೀ. ವೇಗದಲ್ಲಿ ತೇಲುತ್ತಾ ಹೋದರೆ ಎಂಜಿನ್‌ಗೆ ಕೆಲಸವೇ ಇಲ್ಲ, ಹೊಗೆ ಬಿಸಿಯಾಗುವುದಿಲ್ಲ. ರಸ್ತೆ, ಕಾನೂನು ಬಿಡುವಷ್ಟು ವೇಗದಲ್ಲಿ ಸಮವಾಗಿ ಓಡಿಸಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತಲ್ಲ?

ಇಲ್ಲ. ಗೇರ್‌ನಲ್ಲಿಟ್ಟು ಕಾಲು ತೆಗೆದರೆ ಇಸಿಯು ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ, ಮಸಿಯೂ ಸೊನ್ನೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್ ಆಗಿ ಡೀಸೆಲ್ ಕುಡಿಯುತ್ತದೆ, ಮಸಿ ಬಿಡುತ್ತದೆ. ಲೋಡ್ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಡ್ರಮ್ ಕಾದು ಬ್ರೇಕ್ ಹಿಡಿಯದೆ ಹೋಗುವ ಅಪಾಯ ಬೇರೆ.

ವಾರಕ್ಕೊಮ್ಮೆ ಹೈವೇಗೆ ಹೋಗಬೇಕು ಅಂತಾರೆ. ಎಷ್ಟು ದೂರ?

ದೂರಕ್ಕಿಂತ ಹೊತ್ತು ಮುಖ್ಯ. ಎಂಜಿನ್ ಪೂರ್ತಿ ಕಾದ ಮೇಲೆ, ನಿಲ್ಲದೆ, ಗಂಟೆಗೆ 50–60 ಕಿ.ಮೀ. ವೇಗದಲ್ಲಿ 30–40 ನಿಮಿಷ. ಸಾಧ್ಯವಾದರೆ ಲೋಡ್ ಇರಲಿ. ದಾವಣಗೆರೆಯಿಂದ ಹರಿಹರ 14–15 ಕಿ.ಮೀ. ಅಷ್ಟೇ, ಸೈಲೆನ್ಸರ್ ಕಾಯುವ ಹೊತ್ತಿಗೆ ಊರು ಬಂದಿರುತ್ತದೆ, ಸಾಲದು. ದಾವಣಗೆರೆ–ಚಿತ್ರದುರ್ಗ ಸುಮಾರು 60 ಕಿ.ಮೀ., ಇದು ಹೇಳಿ ಮಾಡಿಸಿದ ದೂರ. ಚಿತ್ರದುರ್ಗದವರಿಗೆ ಹಿರಿಯೂರು ತನಕ ಸುಮಾರು 40 ಕಿ.ಮೀ. ಸಾಕು. ಇದಕ್ಕಾಗಿಯೇ ಡೀಸೆಲ್ ಸುಟ್ಟು ಖಾಲಿ ಓಡಿಸುವುದು ದಡ್ಡತನ. ನಾಲ್ಕೈದು ಟಿಪ್ಪರ್ ಇರುವವರು ದೂರದ ಬಾಡಿಗೆಯನ್ನು ಸರದಿಯ ಮೇಲೆ ಎಲ್ಲ ಗಾಡಿಗೂ ಹಂಚಿದರೆ ಕೆಲಸವೂ ಆಯಿತು, ಮಸಿಯೂ ಹೋಯಿತು.

ಮೀಟರ್ ಬೋರ್ಡಿನಲ್ಲಿ ಚುಕ್ಕೆ ಚುಕ್ಕೆ ಇರುವ ಡಬ್ಬಿಯ ದೀಪ ಬಂತು. ಏನು ಮಾಡಲಿ?

ಅದು ಡಿಪಿಎಫ್ ದೀಪ. ಮಸಿ ಮಿತಿಯ ಹತ್ತಿರ ಬಂದಿದೆ ಎಂದು ಅರ್ಥ, ಗಾಡಿ ಕೆಟ್ಟಿದೆ ಎಂದಲ್ಲ.

ದೀಪ ಸುಮ್ಮನೆ ಉರಿಯುತ್ತಿದ್ದರೆ ಹೈವೇ ಸಿಕ್ಕಾಗ ಮೇಲೆ ಹೇಳಿದ ಹಾಗೆ ಓಡಿಸಿ, ಸಾಮಾನ್ಯವಾಗಿ ತಾನೇ ಆರುತ್ತದೆ. ಮಿನುಗತೊಡಗಿದರೆ ಅದೇ ದಿನ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿ ರೀಜನ್ ಮಾಡಿ. ಅದರ ಜೊತೆ ಎಂಜಿನ್ ದೀಪವೂ ಬಂದು ಗಾಡಿ ಎಳೆಯುವುದು ಕಡಿಮೆಯಾದರೆ ಇಸಿಯು ಎಂಜಿನ್ ಉಳಿಸಲು ಪವರ್ ಇಳಿಸಿದೆ ಎಂದು ತಿಳಿಯಿರಿ. ಆಗ ಲೋಡ್ ಹಾಕಬೇಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಕೆಂಪು ದೀಪ ಬಂದರೆ ಎಂಜಿನ್ ಆಫ್. ಇಷ್ಟು ಮಸಿ ತುಂಬಿದ ಮೇಲೆ ಬಲವಂತವಾಗಿ ಸುಡಲು ಹೋದರೆ ಮಸಿ ಒಮ್ಮೆಗೇ ಹತ್ತಿಕೊಂಡು ಪಿಂಗಾಣಿ ಬಿರುಕು ಬಿಡುತ್ತದೆ, ಇಲ್ಲವೇ ಕರಗುತ್ತದೆ.

ದೀಪದ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿಕೊಂಡ ಗಾಡಿಗಳೂ ಗ್ಯಾರೇಜಿಗೆ ಬರುತ್ತವೆ. ಹೆಚ್ಚೇನೂ ಹೇಳುವುದಿಲ್ಲ.

ನಿಲ್ಲಿಸಿ ರೀಜನ್ ಮಾಡುವ ಸರಿಯಾದ ಕ್ರಮ ಯಾವುದು?

ಮೊದಲು ಜಾಗ. ಸೈಲೆನ್ಸರ್ ಬಾಯಿಂದ ಹೊರಡುವ ಗಾಳಿ ನೂರಾರು ಡಿಗ್ರಿ ಬಿಸಿ ಇರುತ್ತದೆ. ನಮ್ಮ ಕಡೆ ಒಕ್ಕಣೆಯ ಹೊಟ್ಟು, ಮೆಕ್ಕೆಜೋಳದ ರವದಿ, ಹತ್ತಿ, ಹುಲ್ಲಿನ ಬಣವೆ ಎಲ್ಲಿ ಬೇಕಾದರೂ ಇರುತ್ತವೆ. ಜಿನ್ನಿಂಗ್ ಮಿಲ್ ಅಂಗಳ, ಅಕ್ಕಿ ಗಿರಣಿಯ ಹೊಟ್ಟಿನ ರಾಶಿ, ಚಳ್ಳಕೆರೆಯ ಎಣ್ಣೆ ಮಿಲ್‌ಗಳ ಒಳಗೆ, ಪೆಟ್ರೋಲ್ ಬಂಕ್, ಒಣಹುಲ್ಲಿನ ರಸ್ತೆಬದಿ ಇವೆಲ್ಲಿಯೂ ಸ್ವಿಚ್ ಮುಟ್ಟಬೇಡಿ. ಮೇವು, ಹತ್ತಿ ತುಂಬಿದ ಗಾಡಿಯಲ್ಲೂ ಬೇಡ. ಕಾಂಕ್ರೀಟ್ ಇಲ್ಲವೇ ಬರಿ ಮಣ್ಣಿನ ಬಯಲು ಒಳ್ಳೆಯದು. ಸೈಲೆನ್ಸರ್ ಬಾಯಿಯ ಮುಂದೆ ಹತ್ತು ಅಡಿಯಾದರೂ ಖಾಲಿ ಇರಲಿ. ಮುಚ್ಚಿದ ಶೆಡ್ಡಿನೊಳಗೆ ಮಾಡಬಾರದು.

ಆಮೇಲೆ ಹೀಗೆ:

1. ಡೀಸೆಲ್ ಕಾಲು ಟ್ಯಾಂಕ್‌ಗಿಂತ ಹೆಚ್ಚಿರಲಿ. ಕೂಲಂಟ್ ಸೂಜಿ ಮಾಮೂಲಿ ಜಾಗಕ್ಕೆ ಬಂದಿರಲಿ. ತಣ್ಣಗಿನ ಎಂಜಿನ್‌ನಲ್ಲಿ ಶುರುವಾಗುವುದಿಲ್ಲ.
2. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಟಿಪ್ಪರ್ ಆದರೆ ಪಿಟಿಒ (ಡಬ್ಬಿ ಎತ್ತಲು ಎಂಜಿನ್‌ನಿಂದ ಶಕ್ತಿ ಕೊಡುವ ಜೋಡಣೆ) ಆಫ್.
3. ರೀಜನ್ ತಡೆಯುವ ಸ್ವಿಚ್ ಆನ್ ಆಗಿ ಉಳಿದಿದೆಯೇ ನೋಡಿ. ‘ಒತ್ತಿದರೂ ಶುರುವಾಗ್ತಿಲ್ಲ’ ಎಂಬ ದೂರಿನಲ್ಲಿ ಎಷ್ಟೋ ಸಲ ಕಾರಣ ಇಷ್ಟೇ.
4. ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ರೀಜನ್ ಸ್ವಿಚ್ಚನ್ನು ಕೈಪಿಡಿ ಹೇಳಿದಷ್ಟು ಸೆಕೆಂಡ್ ಒತ್ತಿ ಹಿಡಿಯಿರಿ. ಆರ್‌ಪಿಎಂ ತಾನಾಗಿ ಏರುತ್ತದೆ, ಸೈಲೆನ್ಸರ್ ಕಾದಿದೆ ಎಂದು ತೋರಿಸುವ ಬಿಸಿಯ ದೀಪ ಹತ್ತುತ್ತದೆ.
5. 20ರಿಂದ 45 ನಿಮಿಷ ಹಿಡಿಯುತ್ತದೆ. ಡ್ರೈವರ್ ಗಾಡಿ ಬಿಟ್ಟು ಹೋಗಬಾರದು, ಪೆಡಲ್ ಮುಟ್ಟಬಾರದು. ಮುಟ್ಟಿದರೆ ನಿಂತುಹೋಗುತ್ತದೆ.
6. ಆರ್‌ಪಿಎಂ ಇಳಿದು ದೀಪ ಆರಿದ ಮೇಲೆ ಮೂರು-ನಾಲ್ಕು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿ, ಇಲ್ಲವೇ ಹೊರಡಿ.

ಮೊದಲ ಹತ್ತು ನಿಮಿಷ ಸ್ವಲ್ಪ ಬಿಳಿ ಹೊಗೆ, ಸುಟ್ಟ ವಾಸನೆ ಬರಬಹುದು. ಗಾಬರಿ ಬೇಡ.

ರೀಜನ್ ಆಗುತ್ತಿರುವಾಗ ಗಾಡಿ ಆಫ್ ಮಾಡಿದರೆ ಏನಾಗುತ್ತದೆ?

ಒಂದು ಸಲ ಮಾಡಿದರೆ ಏನೂ ಇಲ್ಲ, ಮುಂದಿನ ಸಲ ಮತ್ತೆ ಶುರುವಾಗುತ್ತದೆ. ದಿನವೂ ಮಾಡಿದರೆ ಎರಡು ನಷ್ಟ. ಅರ್ಧ ಸುಟ್ಟ ಮಸಿ ಉಳಿದು, ಮುಂದಿನ ರೀಜನ್ ಬೇಗ ಬರುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು: ಕೆಲವು ಎಂಜಿನ್‌ಗಳು ರೀಜನ್‌ಗೆ ಬೇಕಾದ ಡೀಸೆಲ್ಲನ್ನು ಸಿಲಿಂಡರ್ ಒಳಗೇ ತಡವಾಗಿ ಸಿಂಪಡಿಸುತ್ತವೆ. ಅದರಲ್ಲಿ ಒಂದಷ್ಟು ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ. ರೀಜನ್ ಮತ್ತೆ ಮತ್ತೆ ಶುರುವಾದಷ್ಟೂ ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿದ್ದರೆ, ಡೀಸೆಲ್ ವಾಸನೆ ಬಂದರೆ, ತಕ್ಷಣ ಆಯಿಲ್ ಬದಲಿಸಿ. ‘ನಮ್ಮ ಗಾಡಿ ಆಯಿಲ್ ತಿನ್ನೋದೇ ಇಲ್ಲ’ ಎಂದು ಹಿಗ್ಗುವ ಮಾಲೀಕರು ಇದನ್ನೊಮ್ಮೆ ನೋಡಬೇಕು. ಡೀಸೆಲ್ಲನ್ನು ನೇರ ಸೈಲೆನ್ಸರ್ ಪೈಪಿಗೆ ಸಿಂಪಡಿಸುವ ಗಾಡಿಗಳಲ್ಲಿ ಈ ತೊಂದರೆ ಕಡಿಮೆ.

ಊಟಕ್ಕೆ ನಿಲ್ಲಿಸುವ ಮುಂಚೆ ಬಿಸಿಯ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಮುಂದಿನ ಡಾಬಾಕ್ಕೆ ಹೋಗಿ.

ಸರಿಯಾಗೇ ಓಡಿಸುತ್ತಿದ್ದೇವೆ. ಆದರೂ ರೀಜನ್ ಪದೇ ಪದೇ ಬರುತ್ತಿದೆ. ಯಾಕೆ?

ಹಾಗಿದ್ದರೆ ರೋಗ ಎಂಜಿನ್‌ನಲ್ಲಿದೆ. ಹೊಗೆಯ ಬಣ್ಣ ನೋಡಿ ಎಂಜಿನ್ ರೋಗ ಹೇಳುತ್ತಿದ್ದ ಕಾಲ ಹೋಯಿತು. ಎಂಜಿನ್ ಎಷ್ಟೇ ಕರಿ ಹೊಗೆ ಬಿಡಲಿ, ಡಿಪಿಎಫ್ ಆ ಮಸಿಯನ್ನು ನುಂಗಿ ಪೈಪಿನಲ್ಲಿ ಕಪ್ಪಿಲ್ಲದ ಹೊಗೆಯನ್ನೇ ಬಿಡುತ್ತದೆ. ಹಾಗಾಗಿ ಈಗ ನಾಡಿ ನೋಡಬೇಕಾದ್ದು ರೀಜನ್ ಎಷ್ಟು ಕಿ.ಮೀ.ಗೊಮ್ಮೆ ಬರುತ್ತದೆ ಎಂಬುದರಲ್ಲಿ. ಅದನ್ನು ಟ್ರಿಪ್ ಬುಕ್ಕಿನಲ್ಲಿ ಬರೆದಿಡಿ. ಮೊದಲಿದ್ದ ಅಂತರ ಅರ್ಧಕ್ಕೆ ಇಳಿದರೆ ಡಿಪಿಎಫ್ ಬಿಚ್ಚುವ ಮುಂಚೆ ಈ ಜಾಗಗಳನ್ನು ನೋಡಿಸಿ.

ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಹೋಸ್, ಅದರ ಕ್ಲಾಂಪ್: ಬಿರುಕು ಬಿಟ್ಟರೆ ಗಾಳಿ ಸೋರಿ ಮಸಿ ಹೆಚ್ಚುತ್ತದೆ. ಎಳೆಯುವಾಗ ಸೀಟಿಯಂಥ ಸದ್ದು, ಹೋಸ್ ಮೇಲೆ ಎಣ್ಣೆ ಜಿಡ್ಡು ಇದರ ಗುರುತು. ಇಂಜೆಕ್ಟರ್: ತೊಟ್ಟಿಕ್ಕುತ್ತಿದ್ದರೆ ಡೀಸೆಲ್ ಮಂಜಾಗದೆ ಹನಿಯಾಗಿ ಬಿದ್ದು ಅರೆಬರೆ ಉರಿಯುತ್ತದೆ. ಇಜಿಆರ್ (ಒಂದಷ್ಟು ಹೊಗೆಯನ್ನು ಎಂಜಿನ್‌ಗೆ ವಾಪಸ್ ಕಳಿಸುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದರ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಸಿಲಿಂಡರ್‌ಗೆ ಗಾಳಿಯ ಬದಲು ಹೊಗೆಯೇ ವಾಪಸ್ ಬರುತ್ತದೆ.

ಕೂಲಂಟ್‌ನ ಬಿಸಿಯನ್ನು ಹದದಲ್ಲಿಡುವ ವಾಲ್ವ್ ಆದ ಥರ್ಮೋಸ್ಟಾಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಹಳೆಯ ಗಾಡಿಗೆ ಅದು ನಡೆಯಿತು. ಬಿಎಸ್-6ರಲ್ಲಿ ಕೂಲಂಟ್ 80 ಡಿಗ್ರಿ ಆಸುಪಾಸಿಗೆ ಏರದಿದ್ದರೆ ಎಂಜಿನ್ ಸದಾ ಚಳಿಯಲ್ಲೇ ಓಡಿದಂತೆ. ಮಸಿ ಹೆಚ್ಚು, ಬಿಸಿ ಕಡಿಮೆ, ರೀಜನ್ ಶುರುವಾಗುವುದೂ ಇಲ್ಲ. ಅತಿಯಾಗಿ ಕಾಯುತ್ತಿದ್ದರೆ ರೇಡಿಯೇಟರ್ ಧೂಳು, ಫ್ಯಾನ್ ಕ್ಲಚ್, ಕೂಲಂಟ್ ನೋಡಿಸಿ. ಥರ್ಮೋಸ್ಟಾಟ್ ಇದ್ದಲ್ಲೇ ಇರಲಿ.

ಕೊನೆಗೆ ಡಿಪಿಎಫ್‌ನ ಎರಡೂ ಬದಿಯ ಒತ್ತಡ ಅಳೆಯುವ ಸೆನ್ಸರ್. ಅದಕ್ಕೆ ಹೋಗುವ ಎರಡು ಸಣ್ಣ ಪೈಪು ಕಟ್ಟಿಕೊಂಡರೆ, ಬಿರಿದರೆ, ಅದಲುಬದಲಾದರೆ ಇಸಿಯುಗೆ ಸುಳ್ಳು ಲೆಕ್ಕ ಸಿಗುತ್ತದೆ. ಡಿಪಿಎಫ್ ಖಾಲಿ ಇದ್ದರೂ ದೀಪ ಬರುತ್ತದೆ. ಸಣ್ಣ ಪೈಪಿನ ತಪ್ಪಿಗೆ ಲಕ್ಷಗಟ್ಟಲೆ ಬೆಲೆಯ ಡಿಪಿಎಫ್ ಬದಲಿಸಬೇಡಿ.

ಏರ್ ಫಿಲ್ಟರ್‌ಗೂ ಮಸಿಗೂ ಏನು ಸಂಬಂಧ?

ಗಾಳಿ ಕಡಿಮೆಯಾದರೆ ಮಸಿ ಹೆಚ್ಚು, ಅಷ್ಟೇ. ಹೊಳಲ್ಕೆರೆ, ಹೊಸದುರ್ಗ ಕಡೆಯ ಕೆಂಧೂಳಿನಲ್ಲಿ ಕೈಪಿಡಿಯ ಕಿಲೋಮೀಟರ್ ಲೆಕ್ಕ ನಂಬಬೇಡಿ, ಫಿಲ್ಟರ್ ಡಬ್ಬಿಯ ಸೂಚಕ ಕೆಂಪಾಯಿತೇ ನೋಡಿ. ಡಬ್ಬಿಯ ಕೆಳಗಿನ ರಬ್ಬರ್ ಮೂತಿಯನ್ನು ದಿನವೂ ಹಿಂಡಿ ಧೂಳು ಉದುರಿಸಿ. ಹೊರಗಿನ ಫಿಲ್ಟರ್‌ಗೆ ಪಂಕ್ಚರ್ ಅಂಗಡಿಯ ಪೂರ್ತಿ ಗಾಳಿ ಬಿಟ್ಟರೆ ಕಾಗದದಲ್ಲಿ ಕಾಣದ ತೂತು ಬೀಳುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, 2 ಬಾರ್ ಒತ್ತಡದೊಳಗೆ. ಒಳಗಿನ ಚಿಕ್ಕ ಫಿಲ್ಟರ್ ಊದುವಂತಿಲ್ಲ, ಬದಲಿಸಬೇಕು.

ಯಾವ ಎಂಜಿನ್ ಆಯಿಲ್ ಹಾಕಬೇಕು? ಹಳೆಯ ಗಾಡಿಯದೇ ನಡೆಯುತ್ತಾ?

ನಡೆಯುವುದಿಲ್ಲ. ಕೈಪಿಡಿ ಹೇಳಿದ, ಬೂದಿ ಕಡಿಮೆ ಇರುವ ಆಯಿಲ್ಲೇ ಬೇಕು. ಡಬ್ಬಿಯ ಮೇಲೆ ಎಪಿಐ ಸಿಕೆ-4 ಇಲ್ಲವೇ ಎಸಿಇಎ ಇ6, ಇ9ರಂಥ ಗುರುತು ಇರುತ್ತದೆ. ಸಿಕೆ-4ರಲ್ಲಿ ಸಲ್ಫೇಟೆಡ್ ಬೂದಿ ಶೇ. 1ನ್ನು ದಾಟುವಂತಿಲ್ಲ. ಆಯಿಲ್ ಸ್ವಲ್ಪ ಸ್ವಲ್ಪ ಉರಿದಾಗ ಅದರೊಳಗಿನ ಲೋಹದ ಅಂಶ ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಹಳೆಯ ಸಿಎಚ್-4, ಸಿಐ-4 ಆಯಿಲ್ ಹಾಕಿದರೆ ಬೂದಿ ಬೇಗ ತುಂಬುತ್ತದೆ. 15ಡಬ್ಲ್ಯೂ-40 ಎಂಬ ಗುರುತು ಎರಡಕ್ಕೂ ಒಂದೇ ಇರಬಹುದು, ಅದನ್ನಷ್ಟೇ ನೋಡಿ ಮೋಸಹೋಗಬೇಡಿ.

ಡೀಸೆಲ್‌ನಲ್ಲಿ ಏನು ನೋಡಬೇಕು?

ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಮಾತ್ರ, ಬಿಎಸ್-4ರಲ್ಲಿ 50 ಇತ್ತು. ಗಂಧಕ ಡಿಒಸಿಯನ್ನು ಮಂಕು ಮಾಡುತ್ತದೆ. ಆದ್ದರಿಂದ ಬ್ಯಾರಲ್‌ನಲ್ಲಿ ಅಗ್ಗಕ್ಕೆ ಸಿಗುವ ‘ಬಯೋ ಡೀಸೆಲ್’ ಹೆಸರಿನ ದ್ರವ, ಸೀಮೆಎಣ್ಣೆ ಬೆರಕೆ ಯಾವುದೂ ಬೇಡ. ಬಂಕಿನ ರಸೀದಿ ಇಟ್ಟುಕೊಳ್ಳಿ.

ಯೂರಿಯಾ ದ್ರವವನ್ನು ನಾವೇ ಗೊಬ್ಬರದ ಯೂರಿಯಾದಿಂದ ಮಾಡಿಕೊಳ್ಳಬಹುದಾ?

ಖಂಡಿತ ಬೇಡ. ಈ ದ್ರವದ ಹೆಸರು ಡಿಇಎಫ್. ಅದರಲ್ಲಿ ಶುದ್ಧ ಯೂರಿಯಾ ಶೇ. 32.5, ಉಳಿದದ್ದು ಖನಿಜ ತೆಗೆದ ನೀರು. ಐಎಸ್ಒ 22241 ಎಂಬುದು ಅದರ ಮಾನದಂಡ. ಗೊಬ್ಬರದ ಅಂಗಡಿಯ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ಬೋರ್‌ವೆಲ್ ನೀರಿನ ಸುಣ್ಣ ಎರಡೂ ಸೇರಿ ನಳಿಕೆ ಕಟ್ಟಿ ಎಸ್‌ಸಿಆರ್ ಹಾಳಾಗುತ್ತದೆ. ರೈತರ ಸಬ್ಸಿಡಿ ಯೂರಿಯಾವನ್ನು ಹೀಗೆ ಬಳಸುವುದು ಅಪರಾಧ ಕೂಡ.

ಡಿಇಎಫ್ ಕ್ಯಾನ್ ಬಿಸಿಲಲ್ಲಿಡಬೇಡಿ. 25 ಡಿಗ್ರಿಯಲ್ಲಿ 18 ತಿಂಗಳು ಬಾಳುವ ದ್ರವ, 35 ಡಿಗ್ರಿಯಲ್ಲಿ ಆರು ತಿಂಗಳಿಗೆ ಇಳಿಯುತ್ತದೆ. ಡೀಸೆಲ್ ಅಳೆದ ಕೊಳವೆ, ಆಲಿಕೆಯನ್ನು ಇದಕ್ಕೆ ಬಳಸಬಾರದು. ಟ್ಯಾಂಕ್ ತಪ್ಪಿ ಹಾಕಿದರೆ ಎಂಜಿನ್ ಸ್ಟಾರ್ಟ್ ಮಾಡದೆ, ಕೀ ಕೂಡ ಆನ್ ಮಾಡದೆ, ಟ್ಯಾಂಕ್ ಖಾಲಿ ಮಾಡಿಸಿ.

ಡಿಪಿಎಫ್ ಬಿಚ್ಚಿ ವಾಟರ್ ಸರ್ವಿಸ್ ಮಾಡಿಸಿದರೆ ಸಾಕಲ್ಲ?

ಪ್ರೆಶರ್ ನೀರು ಬಿಟ್ಟರೆ ಬೂದಿ ಕೆಸರಾಗಿ ಓಣಿಗಳ ತುದಿಗೆ ಗಟ್ಟಿಯಾಗಿ ಕೂರುತ್ತದೆ, ಕ್ಯಾಟಲಿಸ್ಟ್ ಲೇಪ ಕಿತ್ತುಬರುತ್ತದೆ. ಆಸಿಡ್ ಇನ್ನೂ ಕೆಟ್ಟದ್ದು. ಲಕ್ಷಗಟ್ಟಲೆ ಕಿ.ಮೀ. ಓಡಿದ ಮೇಲೆ ಬೂದಿ ತೆಗೆಸುವ ಕಾಲ ಬಂದೇ ಬರುತ್ತದೆ. ಅದಕ್ಕೆ ಓವನ್‌ನಲ್ಲಿ ಸುಟ್ಟು, ಹಿಂದಿನಿಂದ ಗಾಳಿಯ ಹೊಡೆತ ಕೊಡುವ ಯಂತ್ರಗಳಿವೆ. ಬೂದಿ ತೆಗೆಯುವ ಮುಂಚೆ ಮತ್ತು ಆಮೇಲೆ ಡಿಪಿಎಫ್ ತೂಕ ಹಾಕಿಸಿ, ವ್ಯತ್ಯಾಸ ಬರೆಸಿಕೊಳ್ಳಿ. ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಇಸಿಯುನಲ್ಲಿ ಬೂದಿಯ ಲೆಕ್ಕ ಸೊನ್ನೆ ಮಾಡಿಸಲು ಮರೆಯಬೇಡಿ. ಇದನ್ನು ಬಿಟ್ಟರೆ ಶುದ್ಧ ಫಿಲ್ಟರ್ ಇದ್ದರೂ ಇಸಿಯು ಹಳೆಯ ಲೆಕ್ಕದಲ್ಲೇ ಇರುತ್ತದೆ.

ಒಳಗಿನದನ್ನು ಕಿತ್ತು, ಸಾಫ್ಟ್‌ವೇರ್ ಬದಲಿಸಿ ಕೊಡ್ತೀವಿ ಅಂತಾರಲ್ಲ?

ಕಾನೂನುಬಾಹಿರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಮಾಲಿನ್ಯದ ನಿಯಮ ಮೀರಿದ ವಾಹನಕ್ಕೆ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಡ್ರೈವರ್‌ನ ಲೈಸೆನ್ಸ್‌ಗೂ ಕುತ್ತು. ವಾರಂಟಿ ಹೋಗುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿದವನು ಆಮೇಲೆ ಫೋನ್ ಎತ್ತುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬಿಎಸ್-6 ಗಾಡಿ ಕೊಳ್ಳುವಾಗ ಡಿಪಿಎಫ್ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಯಿಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಬಟ್ಟೆ ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಬರಬೇಕು. ಕಾಡಿಗೆಯಂತೆ ಕಪ್ಪು ಅಂಟಿದರೆ ಪಿಂಗಾಣಿ ಬಿರಿದಿದೆ, ಇಲ್ಲವೇ ಒಳಗಿನದನ್ನು ಯಾರೋ ಕಿತ್ತಿದ್ದಾರೆ. ಸೈಲೆನ್ಸರ್ ಡಬ್ಬಿಯ ಸುತ್ತ ಹೊಸ ವೆಲ್ಡಿಂಗ್ ಗೆರೆ ಇದ್ದರೂ ಅದೇ ಅನುಮಾನ. ಕೀ ಆನ್ ಮಾಡಿದಾಗ ಡಿಪಿಎಫ್ ದೀಪ, ಎಂಜಿನ್ ದೀಪ ಎರಡೂ ಕ್ಷಣಕಾಲ ಹತ್ತಿ ಆರಬೇಕು. ಹತ್ತದೇ ಇದ್ದರೆ ದೀಪವನ್ನು ಬಂದ್ ಮಾಡಿಸಿರಬಹುದು. ಸ್ಕ್ಯಾನರ್ ಹಾಕಿಸಿ, ಕೊನೆಯ ರೀಜನ್ ಎಷ್ಟು ಕಿ.ಮೀ. ಹಿಂದೆ ಆಗಿತ್ತು, ಬೂದಿ ಎಷ್ಟು ತುಂಬಿದೆ ಎಂಬುದನ್ನು ಓದಿಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ.